ಆ್ಯಂಬುಲೆನ್ಸಿನ ಹಿಂಬದಿಯಲ್ಲಿ ಕೂರುವವರ ಲೈಸೆನ್ಸ್: ನವೀಕರಣ, ಮರುತರಬೇತಿ ಬಗ್ಗೆ ನಮ್ಮ ಯುವಜನರು ತಿಳಿದಿರಬೇಕಾದದ್ದು

2019ರ ಎಪ್ರಿಲ್ 16ರಂದು ಮಂಗಳೂರಿನಿಂದ ಹೊರಟ ಒಂದು ಆ್ಯಂಬುಲೆನ್ಸನ್ನು ಕಾಸರಗೋಡಿನವರು ಇನ್ನೂ ಮರೆತಿಲ್ಲ. ಹೃದಯದ ತೊಂದರೆ ಇದ್ದ, ಹುಟ್ಟಿ 15 ದಿನವಷ್ಟೇ ಆಗಿದ್ದ ಮಗು. ಮೊದಲು ಹೊರಟದ್ದು ತಿರುವನಂತಪುರದ ಶ್ರೀಚಿತ್ರಾಕ್ಕೆ. ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯಪ್ರವೇಶಿಸಿದ ಮೇಲೆ ಕೊಚ್ಚಿಯ ಅಮೃತಾ ಆಸ್ಪತ್ರೆಗೆ ದಾರಿ ಬದಲಾಯಿತು. ಸುಮಾರು 400 ಕಿ.ಮೀ. ದೂರವನ್ನು ಐದೂವರೆ ಗಂಟೆಯಲ್ಲಿ ಕ್ರಮಿಸಿದ ಚಾಲಕನನ್ನು ಇಡೀ ಕೇರಳ ಹೊಗಳಿತು. ಹೊಗಳಬೇಕಾದದ್ದೇ. ಆದರೆ ಅಂಥ ಓಟದಲ್ಲಿ ಗಾಡಿಯ ಹಿಂಬದಿಯಲ್ಲಿ ಯಾರಿರಬೇಕು, ಅವರು ಏನು ಕಲಿತಿರಬೇಕು, ಕಲಿತದ್ದು ಎಷ್ಟು ಹಳತಾಗಿರಬಹುದು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಈ ಪ್ರಶ್ನೆ ನಮಗೆ ಎರಡು ಕಾರಣಕ್ಕೆ ಮುಖ್ಯ. ಒಂದು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ದೇರಳಕಟ್ಟೆ, ಮಂಗಳೂರು. ಜಿಲ್ಲೆಯ ತೆಂಕಣ ಭಾಗದವರಿಗೆ ಆ ದಾರಿ ಇನ್ನೂ ಉದ್ದ. ಹಾಗಾಗಿ ರೋಗಿಯ ಮೊದಲ ಅರ್ಧ, ಮುಕ್ಕಾಲು ಗಂಟೆ ಕಳೆಯುವುದು ರಸ್ತೆಯಲ್ಲಿ. ಎರಡು, ನರ್ಸಿಂಗ್, ಎಮರ್ಜೆನ್ಸಿ ಕೇರ್, ಓಟಿ ಟೆಕ್ನಾಲಜಿ ಅಂತ ಕಲಿಯಲು ಹೋಗುವ ನಮ್ಮ ಹುಡುಗ ಹುಡುಗಿಯರ ಸಂಖ್ಯೆ ಹೆಚ್ಚಾಗಿದೆ. ಬಹುಪಾಲು ಮನೆಯವರ ಲೆಕ್ಕಾಚಾರ ಗಲ್ಫ್. ಸರ್ಟಿಫಿಕೇಟ್ ಕೈಗೆ ಬಂದರೆ ಆಯಿತು ಎಂದುಕೊಳ್ಳುತ್ತಾರೆ. ಅದಕ್ಕೂ ಒಂದು ವಾಯಿದೆ ಉಂಟು ಅಂತ ಗೊತ್ತಾಗುವುದು ಇಂಟರ್‌ವ್ಯೂಗೆ ಹೋದಾಗ.

ಪ್ಯಾರಾಮೆಡಿಕ್ ಬೇರೆ, ಪ್ಯಾರಾಮೆಡಿಕಲ್ ಬೇರೆ

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. "ಮಗ ಪ್ಯಾರಾಮೆಡಿಕಲ್ ಮಾಡಿದ್ದಾನೆ, ದುಬೈಯಲ್ಲಿ ಪ್ಯಾರಾಮೆಡಿಕ್ ಕೆಲಸ ಖಾಲಿ ಉಂಟಂತೆ, ಹಾಕ್ಲಾ?" ಎಂದು ಕೇಳುವ ಉಪ್ಪಂದಿರು ಇದ್ದಾರೆ. ನಮ್ಮಲ್ಲಿ ಪ್ಯಾರಾಮೆಡಿಕಲ್ ಎಂದರೆ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಓಟಿ, ಎಲ್ಲವೂ ಬಂತು. ಗಲ್ಫಿನಲ್ಲಿ, ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಪ್ಯಾರಾಮೆಡಿಕ್ ಎಂದರೆ ಆ್ಯಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವನು ಮಾತ್ರ. ಎಕ್ಸ್‌ರೇ ಡಿಪ್ಲೊಮಾ ಹಿಡಿದುಕೊಂಡು ಆ ಹುದ್ದೆಗೆ ಅರ್ಜಿ ಹಾಕಿದರೆ ಅರ್ಜಿ ಹಾಗೆಯೇ ವಾಪಸ್ ಬರುತ್ತದೆ, ಕಟ್ಟಿದ ಫೀಸು ವಾಪಸ್ ಬರುವುದಿಲ್ಲ.

ಆ್ಯಂಬುಲೆನ್ಸಿನವರಲ್ಲೂ ಮಟ್ಟಗಳಿವೆ. ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಅಂದರೆ ಇಎಂಟಿ, ಆರಂಭದ ಮಟ್ಟ. ಪ್ಯಾರಾಮೆಡಿಕ್ ಅದಕ್ಕಿಂತ ಮೇಲೆ. ಕೇರಳದಲ್ಲಿ 2019ರ ಸೆಪ್ಟೆಂಬರಿನಲ್ಲಿ ಶುರುವಾದ 'ಕನಿವ್ 108'ರಲ್ಲಿ ಇಎಂಟಿ ಎಂದು ಕರೆಯುವುದು ನರ್ಸಿಂಗ್ ಕಲಿತವರನ್ನು. ಚಾಲಕನಿಗೆ ಅಲ್ಲಿ ಪೈಲಟ್ ಎಂಬ ಹೆಸರು. ಕರ್ನಾಟಕದ 'ಆರೋಗ್ಯ ಕವಚ 108' ಅದಕ್ಕೂ ಮೊದಲಿನದು, 2008ರದ್ದು. ಅಂದರೆ ನಮ್ಮ ಜಿಲ್ಲೆಯಲ್ಲಿ 108ರ ಕೆಲಸ ಮಾಡಬೇಕೆಂದು ಆಸೆ ಇರುವವರಿಗೆ ನರ್ಸಿಂಗೇ ಮುಖ್ಯ ದಾರಿ. ಆರು ತಿಂಗಳ ಇಎಂಟಿ ಕೋರ್ಸಿನ ಫ್ಲೆಕ್ಸ್ ನೋಡಿ ಹಣ ಕಟ್ಟುವ ಮೊದಲು ಇದನ್ನು ಯೋಚಿಸಬೇಕು.

ಎಮರ್ಜೆನ್ಸಿ ಕೇರನ್ನೇ ಪದವಿಯಾಗಿ ಕಲಿಯುವ ದಾರಿಯೂ ಉಂಟು. ಬಿಎಸ್ಸಿ ಎಮರ್ಜೆನ್ಸಿ ಆ್ಯಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಕರ್ನಾಟಕದ ಅಲೈಡ್ ಹೆಲ್ತ್ ಕಾಲೇಜುಗಳಲ್ಲಿ ಅದು ಸಿಗುತ್ತದೆ. ಗಲ್ಫಿನಲ್ಲಿ ಪ್ಯಾರಾಮೆಡಿಕ್ ಹುದ್ದೆ ಬೇಕೆನ್ನುವವರಿಗೆ ಸರ್ಟಿಫಿಕೇಟ್ ಕೋರ್ಸಿಗಿಂತ ಇದೇ ಒಳ್ಳೆಯದು.

ಕಲಿತದ್ದು ಹಳತಾಗುವುದು ಹೇಗೆ?

"ಒಮ್ಮೆ ಕಲಿತಾಯ್ತಲ್ಲ, ಪುನಃ ಪುನಃ ಯಾಕೆ ಕಲಿಯುವುದು? ಹಣ ಮಾಡ್ಲಿಕ್ಕೆ ಒಂದು ದಾರಿ" ಎಂಬ ಮಾತು ನರ್ಸುಗಳ ಬಾಯಿಂದಲೇ ಕೇಳಿಬರುತ್ತದೆ. ಆ ದೂರಿನಲ್ಲಿ ಸ್ವಲ್ಪ ಸತ್ಯ ಇಲ್ಲದಿಲ್ಲ. ಆದರೆ ಕಳೆದ 20 ವರ್ಷಗಳಲ್ಲಿ ಎದೆ ಒತ್ತುವ ಕೆಲಸ ಒಂದರಲ್ಲೇ, ಅಂದರೆ ಸಿಪಿಆರ್‌ನಲ್ಲಿ, ಏನೆಲ್ಲ ಬದಲಾಗಿದೆ ನೋಡಿ.

2005ಕ್ಕಿಂತ ಮೊದಲು ಕಲಿತವರು ದೊಡ್ಡವರಿಗೆ 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡುತ್ತಿದ್ದರು. 2005ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು 30ಕ್ಕೆ 2 ಎಂದು ಬದಲಿಸಿತು. ಆಗಲೂ ಕ್ರಮ ಹಳೆಯದೇ: ಮೊದಲು ಉಸಿರಿನ ದಾರಿ ಬಿಡಿಸು, ಆಮೇಲೆ ಉಸಿರು, ಆಮೇಲೆ ಎದೆ. 2010ರಲ್ಲಿ ಅದು ತಲೆಕೆಳಗಾಯಿತು. ಮೊದಲು ಎದೆ ಒತ್ತು, ಉಳಿದದ್ದು ಆಮೇಲೆ. ಆ ವರ್ಷ ಹೇಳಿದ್ದು ನಿಮಿಷಕ್ಕೆ ಕನಿಷ್ಠ 100 ಸಲ, ಕನಿಷ್ಠ 5 ಸೆಂ.ಮೀ. ಆಳ. ಜನ ಅವಸರದಲ್ಲಿ 140, 150ರ ವೇಗದಲ್ಲಿ ಒತ್ತಿದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಹಾಗಾಗಿ 2015ರಲ್ಲಿ ಮೇಲಿನ ಮಿತಿಯೂ ಬಂತು: 100ರಿಂದ 120, ಆಳ 5ರಿಂದ 6 ಸೆಂ.ಮೀ. 2025ರ ಅಕ್ಟೋಬರಿನಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಗಂಟಲಲ್ಲಿ ಆಹಾರ ಸಿಕ್ಕಿಬಿದ್ದವರ ವಿಷಯ ಬದಲಾಯಿತು. ಎಚ್ಚರದಲ್ಲಿರುವ ದೊಡ್ಡವರಿಗೆ ಹಿಂದಿನಿಂದ ಅಪ್ಪಿ ಹೊಟ್ಟೆ ಒತ್ತುವುದನ್ನಷ್ಟೇ ಅವರು ಕಲಿಸುತ್ತಿದ್ದರು. ಈಗ ಮೊದಲು ಬೆನ್ನಿಗೆ 5 ಪೆಟ್ಟು, ಆಮೇಲೆ 5 ಸಲ ಹೊಟ್ಟೆ ಒತ್ತುವುದು, ಆಹಾರ ಹೊರಬರುವವರೆಗೆ ಹೀಗೆಯೇ ಒಂದಾದ ಮೇಲೊಂದು. ಬೆನ್ನಿಗೆ ಗುದ್ದಬೇಡಿ ಅಂತ ಹತ್ತು ವರ್ಷ ಮದರಸ ಹಾಲಿನಲ್ಲಿ, ಶಾಲೆಯಲ್ಲಿ ಕ್ಲಾಸ್ ತೆಗೆದುಕೊಂಡ ಎಷ್ಟೋ ತರಬೇತುದಾರರು ಈಗ ಅದನ್ನು ತಿದ್ದಿ ಹೇಳಬೇಕಾಗಿದೆ.

ಸಿಪಿಆರ್ ಮಾತ್ರವಲ್ಲ. ಎದೆನೋವು ಅಂದ ಕೂಡಲೇ ಎಲ್ಲರಿಗೂ ಆಕ್ಸಿಜನ್ ಮಾಸ್ಕ್ ಹಾಕುವುದು ಹಿಂದಿನ ಪಾಠ. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಅದರಿಂದ ಲಾಭ ಇಲ್ಲ, ಪ್ರಮಾಣ 90 ಶೇಕಡಾಕ್ಕಿಂತ ಕೆಳಗೆ ಹೋದರೆ ಕೊಡಿ ಎಂಬುದು ಇಂದಿನದು. ಹಾವು ಕಚ್ಚಿದರೆ ಬಟ್ಟೆ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಹೀರುವುದು ನಮ್ಮ ತೋಟದ ಬದಿಯಲ್ಲಿ ಈಗಲೂ ನಡೆಯುತ್ತದೆ. ಇವೆಲ್ಲ ಅಪಾಯ, ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇಟ್ಟು ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಒಯ್ಯುವುದೇ ಸರಿ ಎಂಬುದು ಇವತ್ತಿನ ತಿಳಿವಳಿಕೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಬಿಗಿದ ಬಟ್ಟೆಯಿಂದಲೇ ಕಾಲು ಕಪ್ಪಾಗಿರುವುದೂ ಉಂಟು.

ಇದು ಪಾಠ ಬದಲಾಗುವ ಮಾತಾಯಿತು. ಪಾಠ ಬದಲಾಗದಿದ್ದರೂ ಕೈ ಮರೆಯುತ್ತದೆ. ಸಿಪಿಆರ್ ಕೌಶಲ ತರಬೇತಿಯಾದ ಕೆಲವೇ ತಿಂಗಳಲ್ಲಿ ಇಳಿಯಲು ಶುರುವಾಗುತ್ತದೆ ಎಂಬುದನ್ನು ಈ ಕೋರ್ಸ್ ನಡೆಸುವ ಸಂಸ್ಥೆಗಳೇ ಒಪ್ಪಿಕೊಂಡಿವೆ. ಎರಡು ವರ್ಷದ ವಾಯಿದೆ ಎಂದರೆ ಎರಡು ವರ್ಷ ಕೈ ಪಳಗಿರುತ್ತದೆ ಎಂಬ ಗ್ಯಾರಂಟಿ ಅಲ್ಲ. ಹೃದಯ ನಿಂತವನಿಗೆ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ 7ರಿಂದ 10 ಶೇಕಡಾ ಇಳಿಯುತ್ತದೆ. "ಅದು 30 ಆಗಿತ್ತಾ, 15 ಆಗಿತ್ತಾ" ಎಂದು ಯೋಚಿಸಲು ಅಲ್ಲಿ ಸಮಯ ಎಲ್ಲಿ?

ಬಿಎಲ್‌ಎಸ್ ಕಾರ್ಡ್: ಎರಡೇ ವರ್ಷ

ತುರ್ತು ವಿಭಾಗದಲ್ಲಿ, ಐಸಿಯುನಲ್ಲಿ, ಆ್ಯಂಬುಲೆನ್ಸಿನಲ್ಲಿ ಕೆಲಸ ಮಾಡುವವರಿಂದ ಮೊದಲು ಕೇಳುವುದು ಬಿಎಲ್‌ಎಸ್, ಅದರ ಮೇಲಿನದು ಎಸಿಎಲ್‌ಎಸ್. ಮಕ್ಕಳ ವಿಭಾಗಕ್ಕೆ ಪಿಎಎಲ್‌ಎಸ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಈ ಮೂರೂ ಕಾರ್ಡುಗಳಿಗೆ ಎರಡು ವರ್ಷ ವಾಯಿದೆ. ಕಾರ್ಡ್ ಕೊಟ್ಟ ತಿಂಗಳಿಂದ ಎಣಿಸಿ ಎರಡನೇ ವರ್ಷದ ಅದೇ ತಿಂಗಳ ಕೊನೆಯ ದಿನದವರೆಗೆ.

ಇಲ್ಲಿ ಮೋಸ ಹೋಗುವವರು ಬಹಳ. ಮೊಬೈಲಿನಲ್ಲಿ 20 ಪ್ರಶ್ನೆಗೆ ಉತ್ತರ ಒತ್ತಿದರೆ ಸಂಜೆಗೆ ಬಿಎಲ್‌ಎಸ್ ಸರ್ಟಿಫಿಕೇಟ್ ಎಂಬ ಜಾಹೀರಾತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತದೆ. ನಿಜವಾದ ಕೋರ್ಸಿನ ಓದುವ ಭಾಗ ಆನ್‌ಲೈನಿನಲ್ಲಿ ಆಗಬಹುದು. ಆದರೆ ಗೊಂಬೆಯ ಎದೆ ಒತ್ತಿ, ಅಂಬುಬ್ಯಾಗ್ ಹಿಡಿದು, ಎಇಡಿ ಹಚ್ಚಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಇಲ್ಲದೆ ಕಾರ್ಡ್ ಸಿಗುವುದಿಲ್ಲ. ಈಗ ಕೊಡುವುದು ಇ-ಕಾರ್ಡ್. ಅದರ ಮೇಲಿನ ಕೋಡನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಯಾರಿಗೂ ಗೊತ್ತಾಗುತ್ತದೆ. ಗಲ್ಫಿನ ಎಚ್‌ಆರ್‌ನವರು ಅದನ್ನೇ ಮಾಡುತ್ತಾರೆ. ಕೋರ್ಸ್ ಮುಗಿದ ಮೇಲೆ ಕಾರ್ಡ್ ಕೈಗೆ ಸಿಕ್ಕ ಕೂಡಲೇ ನೀವೇ ಒಮ್ಮೆ ಪರೀಕ್ಷಿಸಿ, ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಲ್ಲಿರುವಂತೆಯೇ ಉಂಟಾ ನೋಡಿ. ನಮ್ಮ ಹೆಸರುಗಳಲ್ಲಿ ಮುಹಮ್ಮದ್ ಒಂದನ್ನೇ ಇಂಗ್ಲಿಷಿನಲ್ಲಿ ನಾಲ್ಕು ತರ ಬರೆಯುತ್ತಾರೆ. ಆಮೇಲೆ ಓಡಾಡುವುದು ಯಾರು?

ಭಾರತದ್ದೇ ಆದ ಕೋರ್ಸುಗಳೂ ಇವೆ. ಅರಿವಳಿಕೆ ತಜ್ಞರ ಮುಂದಾಳತ್ವದಲ್ಲಿ ರೂಪುಗೊಂಡ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಫೆಡರೇಷನ್ ವೈದ್ಯರು, ನರ್ಸುಗಳಿಗೆ ಬೇರೆ, ಜನಸಾಮಾನ್ಯರಿಗೆ ಬೇರೆ ಕೋರ್ಸ್ ಮಾಡಿದೆ. ಜನಸಾಮಾನ್ಯರದ್ದರಲ್ಲಿ ಬಾಯಿಗೆ ಬಾಯಿ ಉಸಿರು ಇಲ್ಲ, ಎದೆ ಒತ್ತುವುದು ಮಾತ್ರ. ಕೇಂದ್ರ ಆರೋಗ್ಯ ಇಲಾಖೆ 2021ರಲ್ಲಿ ನ್ಯಾಷನಲ್ ಎಮರ್ಜೆನ್ಸಿ ಲೈಫ್ ಸಪೋರ್ಟ್ ಎಂಬ ತರಬೇತಿಯನ್ನು ಶುರು ಮಾಡಿತು. ನಮ್ಮ ದೇಶದ ಆಸ್ಪತ್ರೆಗೆ ಹೊಂದಿದ ಪಾಠ ಇವುಗಳಲ್ಲಿ ಉಂಟು. ಊರಿನಲ್ಲೇ ಕೆಲಸ ಮಾಡುವವರಿಗೆ ಇವು ಚೆನ್ನಾಗಿವೆ. ಹೊರದೇಶಕ್ಕೆ ಹೋಗುವವರು ಮಾತ್ರ, ಅಲ್ಲಿನ ಆಸ್ಪತ್ರೆ ಯಾವ ಕಾರ್ಡ್ ಒಪ್ಪುತ್ತದೆ ಎಂದು ಮೊದಲೇ ಕೇಳಿಕೊಂಡು ಸೇರಬೇಕು.

ಕಾರ್ಡ್ ಬೇರೆ, ರಿಜಿಸ್ಟ್ರೇಷನ್ ಬೇರೆ

ಬಿಎಲ್‌ಎಸ್ ಕಾರ್ಡ್ ಲೈಸೆನ್ಸ್ ಅಲ್ಲ. ಕಾಲೇಜಿನ ಸರ್ಟಿಫಿಕೇಟೂ ಲೈಸೆನ್ಸ್ ಅಲ್ಲ. ನರ್ಸಿಂಗ್ ಕೌನ್ಸಿಲಿನಂಥ ಶಾಸನಬದ್ಧ ಮಂಡಳಿಯಲ್ಲಿ ನಿಮ್ಮ ಹೆಸರು ಇದ್ದರೆ, ಅದರ ವಾಯಿದೆ ಮುಗಿಯದಿದ್ದರೆ, ಅದು ಲೈಸೆನ್ಸ್.

ಗಡಿನಾಡಿನವರಿಗೆ ಇಲ್ಲಿ ಒಂದು ವಿಶೇಷ ತಲೆಬಿಸಿ ಉಂಟು. ಮಂಜೇಶ್ವರದ ಹುಡುಗಿ ಮಂಗಳೂರಿನಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡುತ್ತಾಳೆ. ಅವಳ ಮೊದಲ ರಿಜಿಸ್ಟ್ರೇಷನ್ ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ. ಮನೆ ಕೇರಳದಲ್ಲಿ. ಕೇರಳದ ಸರ್ಕಾರಿ ಆಸ್ಪತ್ರೆಯಲ್ಲೋ 108ರಲ್ಲೋ ಕೆಲಸ ಬೇಕಾದರೆ ತಿರುವನಂತಪುರದ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲೂ ಹೆಸರು ಸೇರಿಸಬೇಕು, ಅದಕ್ಕೆ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಎನ್ನುತ್ತಾರೆ. ಗಲ್ಫಿಗೆ ಅರ್ಜಿ ಹಾಕಿದಾಗ ಪರಿಶೀಲನೆ ಹೋಗುವುದು ಲೈಸೆನ್ಸ್ ಕೊಟ್ಟ ಕೌನ್ಸಿಲಿಗೆ. ಅಲ್ಲಿ ವಾಯಿದೆ ಮುಗಿದಿದ್ದರೆ, ಅಥವಾ 'ಗುಡ್ ಸ್ಟ್ಯಾಂಡಿಂಗ್' ಸರ್ಟಿಫಿಕೇಟ್ ಸಿಗದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಎರಡು ರಾಜ್ಯ, ಎರಡು ಆಫೀಸು, ಎರಡೂ ನಮ್ಮಿಂದ ಮುನ್ನೂರು ಕಿ.ಮೀ.ಗೂ ದೂರ. ಹೆಚ್ಚಿನ ಕೆಲಸ ಈಗ ಆನ್‌ಲೈನಿನಲ್ಲಿ ಆಗುವುದೊಂದು ಸಮಾಧಾನ.

ನವೀಕರಣಕ್ಕೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಲೆಕ್ಕ ಇದು: 5 ವರ್ಷಕ್ಕೊಮ್ಮೆ ನವೀಕರಣ, ಆ ಅವಧಿಯಲ್ಲಿ 150 ಗಂಟೆ ಮುಂದುವರಿದ ಶಿಕ್ಷಣ, ಅಂದರೆ ವರ್ಷಕ್ಕೆ 30 ಗಂಟೆ. ಕಾರ್ಯಾಗಾರ, ಸಮ್ಮೇಳನ, ಆಸ್ಪತ್ರೆಯೊಳಗಿನ ಮಾನ್ಯತೆ ಇರುವ ತರಗತಿ, ಇವೆಲ್ಲ ಇದರಲ್ಲಿ ಸೇರುತ್ತವೆ. ಮಾನ್ಯತೆ ಇರುವ ಎಂಬ ಶಬ್ದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಚಹಾ, ಸಮೋಸ, ಗ್ರೂಪ್ ಫೋಟೊ, ಕೊನೆಗೆ ಬಣ್ಣದ ಸರ್ಟಿಫಿಕೇಟ್ ಕೊಟ್ಟ ಸೆಮಿನಾರೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಕೌನ್ಸಿಲ್ ಕ್ರೆಡಿಟ್ ಎಷ್ಟು ಎಂದು ಅದರಲ್ಲಿ ಬರೆದಿರಬೇಕು. ವೈದ್ಯರಿಗೂ ಇದೇ ತರದ ನಿಯಮ ಉಂಟು, 5 ವರ್ಷಕ್ಕೆ 30 ಗಂಟೆ. ನರ್ಸುಗಳಿಗೆ ಕೇಳುವುದು ಅದರ ಐದು ಪಟ್ಟು ಎಂಬುದನ್ನು ಗಮನಿಸಿ.

ನರ್ಸ್ ಅಲ್ಲದ ಎಮರ್ಜೆನ್ಸಿ ಟೆಕ್ನಾಲಜಿಸ್ಟುಗಳ ಸ್ಥಿತಿ ಇಷ್ಟು ಸ್ಪಷ್ಟವಾಗಿರಲಿಲ್ಲ. ದೇಶವ್ಯಾಪಿ ಒಂದು ಮಂಡಳಿಯೇ ಅವರಿಗೆ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಇದನ್ನು ಬದಲಿಸುವ ಕಾನೂನು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಮತ್ತು ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ಎರಡೂ ಹೆಸರುಗಳು ಇವೆ. ಅಲೈಡ್ ಹೆಲ್ತ್ ಪ್ರೊಫೆಷನಲ್ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ, ಎರಡರಿಂದ ನಾಲ್ಕು ವರ್ಷಗಳ ಡಿಪ್ಲೊಮಾ ಅಥವಾ ಪದವಿ ಬೇಕು. ಹೆಲ್ತ್‌ಕೇರ್ ಪ್ರೊಫೆಷನಲ್ ಆಗಲು 3,600 ಗಂಟೆಯ, ಮೂರರಿಂದ ಆರು ವರ್ಷಗಳ ಪದವಿ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಕೌನ್ಸಿಲ್, ಎರಡು ಕಡೆಯೂ ರಿಜಿಸ್ಟರ್ ಇಡಬೇಕೆಂದು ಕಾಯ್ದೆ ಹೇಳುತ್ತದೆ.

ಇಲ್ಲಿಂದ ಒಂದು ಸರಳ ಲೆಕ್ಕ ಹೊರಡುತ್ತದೆ. ಆರು ತಿಂಗಳ, ಒಂದು ವರ್ಷದ ಕೋರ್ಸ್ 2,000 ಗಂಟೆ, ಎರಡು ವರ್ಷ ಎಂಬ ಮೆಟ್ಟಿಲನ್ನು ಹತ್ತುವುದಿಲ್ಲ. ಸ್ಕಿಲ್ ಇಂಡಿಯಾದ ಇಎಂಟಿ ಬೇಸಿಕ್ ಕೋರ್ಸ್ ಕೆಲಸ ಕಲಿಯಲು ಒಳ್ಳೆಯದೇ, ಕೆಲವು ಆ್ಯಂಬುಲೆನ್ಸ್ ಕಂಪನಿಗಳು ಅದನ್ನು ನೋಡಿ ಕೆಲಸ ಕೊಡುತ್ತವೆ ಕೂಡ. ಆದರೆ ಅದನ್ನು ಹಿಡಿದು ಗಲ್ಫಿನಲ್ಲಿ ಲೈಸೆನ್ಸ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಬರಹದಲ್ಲಿ ಕೊಡಿ ಎಂದು ಕೇಳಿ. ಮಾತು ಅಲ್ಲಿಗೆ ನಿಲ್ಲುತ್ತದೆ.

ಗಲ್ಫಿನ ಲೆಕ್ಕ

ಸೌದಿಯಲ್ಲಿ ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್, ಅದರ ಮುಮಾರಿಸ್ ಪ್ಲಸ್ ಪೋರ್ಟಲ್. ದುಬೈಯಲ್ಲಿ ಡಿಎಚ್‌ಎ, ಅಬುಧಾಬಿಯಲ್ಲಿ ಡಿಒಎಚ್. ಊರಿನಲ್ಲಿ ಈಗಲೂ ಹಾಡ್ ಎನ್ನುವುದು ಇದಕ್ಕೇ, 2018ರಲ್ಲಿ ಹೆಸರು ಬದಲಾಗಿದೆ. ಉಳಿದ ಎಮಿರೇಟುಗಳಿಗೆ ಆರೋಗ್ಯ ಸಚಿವಾಲಯ. ಎಲ್ಲ ಕಡೆ ದಾರಿ ಹೆಚ್ಚುಕಡಿಮೆ ಒಂದೇ: ಮೊದಲು ಡೇಟಾಫ್ಲೋ, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಲೈಸೆನ್ಸ್.

ಡೇಟಾಫ್ಲೋ ಎಂದರೆ ನೀವು ಕೊಟ್ಟ ಕಾಗದವನ್ನು ನೋಡುವುದಲ್ಲ. ನಿಮ್ಮ ಯುನಿವರ್ಸಿಟಿಗೆ, ಕೌನ್ಸಿಲಿಗೆ, ಹಿಂದಿನ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುವುದು. ಎರಡು ವರ್ಷ ದುಡಿದ ಕ್ಲಿನಿಕ್ಕಿನಲ್ಲಿ ನಿಮ್ಮ ಹೆಸರಿನ ಹಾಜರಿ ಪುಸ್ತಕವೇ ಇಲ್ಲದಿದ್ದರೆ, ಸಂಬಳವನ್ನು ಕವರಿನಲ್ಲಿ ಹಾಕಿ ಕೊಟ್ಟಿದ್ದರೆ, ಆ ಎರಡು ವರ್ಷ ಲೆಕ್ಕಕ್ಕಿಲ್ಲ. ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಸಿಕ್ಕಿಬಿದ್ದರೆ ರಿಪೋರ್ಟ್ ನೆಗೆಟಿವ್ ಆಗುತ್ತದೆ, ಆ ಕಲೆ ಬೇರೆ ದೇಶದ ಅರ್ಜಿಯಲ್ಲೂ ಹಿಂಬಾಲಿಸುತ್ತದೆ. "ಲೆಟರ್ ನಾನು ಮಾಡಿಸಿ ಕೊಡ್ತೇನೆ" ಎನ್ನುವ ಏಜೆಂಟನಿಗೆ ಅದರಿಂದ ಏನೂ ಆಗುವುದಿಲ್ಲ.

ಲೈಸೆನ್ಸ್ ಸಿಕ್ಕಿದ ಮೇಲೂ ಕಲಿಕೆ ನಿಲ್ಲುವುದಿಲ್ಲ. ನವೀಕರಣದ ಹೊತ್ತಿಗೆ ನಿಗದಿತ ಸಿಪಿಡಿ ಅಂಕಗಳನ್ನು ತೋರಿಸಬೇಕು. ಎಷ್ಟು ಅಂಕ ಎಂಬುದು ಹುದ್ದೆಯ ಮೇಲೆ ಹೋಗುತ್ತದೆ, ಆಗಾಗ ಬದಲಾಗುತ್ತದೆ. ಪಕ್ಕದ ರೂಮಿನವನ ಮಾತು ಕೇಳದೆ ಪೋರ್ಟಲಿನಲ್ಲೇ ನೋಡಬೇಕು. ಅಲ್ಲಿಯ ಆಸ್ಪತ್ರೆಗಳು ಡ್ಯೂಟಿ ಮುಗಿದ ಮೇಲೆ ಉಚಿತ ತರಗತಿ ಇಡುತ್ತವೆ. 12 ಗಂಟೆ ದುಡಿದು ಬಂದವನಿಗೆ ಕೂರಲು ಮನಸ್ಸಾಗುವುದಿಲ್ಲ, ನಿಜ. ಆದರೆ ನವೀಕರಣದ ತಿಂಗಳಲ್ಲಿ ಹಣ ಕೊಟ್ಟು ಅಂಕ ಖರೀದಿಸಲು ಓಡುವವರು ಹೆಚ್ಚಾಗಿ ಆ ತರಗತಿ ತಪ್ಪಿಸಿದವರೇ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು 'ಗ್ಯಾಪ್'ನಿಂದ, ಅದು ಬೀಳುವುದು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳ ಮೇಲೆ. ಕಷ್ಟಪಟ್ಟು ನರ್ಸಿಂಗ್ ಮುಗಿಸುತ್ತಾಳೆ, ಒಂದೋ ಎರಡೋ ವರ್ಷ ದುಡಿಯುತ್ತಾಳೆ. ಮದುವೆ, ಹೆರಿಗೆ, ಮಗು ಸಣ್ಣದು. ಐದು ವರ್ಷ ಕಳೆದು ಗಂಡ ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಂಡು "ನೀನೂ ಕೆಲಸಕ್ಕೆ ಸೇರು" ಎನ್ನುತ್ತಾನೆ. ಎರಡು ವರ್ಷಕ್ಕಿಂತ ಹೆಚ್ಚು ಬಿಡುವು ಆಗಿದ್ದರೆ ಗಲ್ಫಿನ ಲೈಸೆನ್ಸ್ ಮಂಡಳಿಗಳು ಸಾಮಾನ್ಯವಾಗಿ ಸುಲಭವಾಗಿ ಒಪ್ಪುವುದಿಲ್ಲ. ಮತ್ತೆ ತರಬೇತಿ, ಮತ್ತೆ ಆಸ್ಪತ್ರೆ ಅನುಭವ ಕೇಳುತ್ತವೆ. ಊರಿನ ರಿಜಿಸ್ಟ್ರೇಷನ್ ಕೂಡ ಅಷ್ಟರಲ್ಲಿ ಮುಗಿದಿರುತ್ತದೆ. ಮಗಳ ಓದಿಗೆ ಸಾಲ ಮಾಡಿದ ಉಪ್ಪ, ಚಿನ್ನ ಅಡವಿಟ್ಟ ಉಮ್ಮ ಈ ಒಂದು ಸಾಲನ್ನಾದರೂ ನೆನಪಿಟ್ಟುಕೊಳ್ಳಬೇಕು: ಮನೆಯಲ್ಲಿ ಕೂತಿರುವಾಗಲೂ ರಿಜಿಸ್ಟ್ರೇಷನ್ ನವೀಕರಿಸುತ್ತಾ ಇರಬೇಕು. ಆನ್‌ಲೈನಿನಲ್ಲಿ ಸಿಗುವ ಮಾನ್ಯ ತರಗತಿಯ ಗಂಟೆಗಳನ್ನು ಜೋಡಿಸಬಹುದು. ಮಗು ಸ್ವಲ್ಪ ದೊಡ್ಡದಾದ ಮೇಲೆ ಹತ್ತಿರದ ಆಸ್ಪತ್ರೆಯಲ್ಲಿ ಪಾರ್ಟ್‌ಟೈಮ್ ಆದರೂ ಸರಿ, ನೇಮಕಾತಿ ಪತ್ರ, ಬ್ಯಾಂಕಿಗೆ ಬೀಳುವ ಸಂಬಳ ಇರುವ ಕೆಲಸ ಹಿಡಿಯಬಹುದು. ಮದುವೆ ಮಾತುಕತೆಯಲ್ಲಿ ಇದನ್ನೂ ಮಾತಾಡಿಕೊಂಡರೆ ತಪ್ಪೇನಿಲ್ಲ.

ಬ್ರಿಟನ್, ಅಮೆರಿಕ ಕಡೆ ನೋಡುವವರಿಗೆ ಸಂಕ್ಷೇಪವಾಗಿ: ಬ್ರಿಟನ್ನಿನಲ್ಲಿ ನರ್ಸುಗಳು ಮೂರು ವರ್ಷಕ್ಕೊಮ್ಮೆ ರೀವ್ಯಾಲಿಡೇಷನ್ ಮಾಡಬೇಕು, 450 ಗಂಟೆ ಕೆಲಸ ಮತ್ತು 35 ಗಂಟೆ ಕಲಿಕೆ. ಪ್ಯಾರಾಮೆಡಿಕ್ ಎಂಬ ಹೆಸರನ್ನೇ ಅಲ್ಲಿ ನೋಂದಣಿ ಇಲ್ಲದವರು ಬಳಸುವಂತಿಲ್ಲ. ನವೀಕರಣ ಎರಡು ವರ್ಷಕ್ಕೊಮ್ಮೆ, ಆಗ 2.5 ಶೇಕಡಾ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಕಲಿಕೆಯ ದಾಖಲೆ ತೋರಿಸಲು ಹೇಳುತ್ತಾರೆ. ಅಮೆರಿಕದ ರಾಷ್ಟ್ರೀಯ ರಿಜಿಸ್ಟ್ರಿಯಲ್ಲಿ ಎರಡು ವರ್ಷಕ್ಕೆ ಇಎಂಟಿಗೆ 40 ಗಂಟೆ, ಪ್ಯಾರಾಮೆಡಿಕ್‌ಗೆ 60 ಗಂಟೆ.

ನಮ್ಮೂರಿನ ಸೇವಾ ಆ್ಯಂಬುಲೆನ್ಸ್‌ಗಳು

ಸಂಘಟನೆಗಳು, ಜಮಾಅತ್‌ಗಳು, ಕ್ಲಬ್ಬುಗಳು, ಗಲ್ಫಿನ ಊರ ಕಮಿಟಿಗಳು ಹಣ ಸೇರಿಸಿ ಗಾಡಿ ಇಳಿಸಿದ ಉದಾಹರಣೆ ತಲಪಾಡಿಯಿಂದ ತೃಕ್ಕರಿಪುರದವರೆಗೆ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎದ್ದು ಬರುವ ಹುಡುಗರು. ಅವರ ಸೇವೆಯನ್ನು ಸಣ್ಣದು ಮಾಡಲು ಸಾಧ್ಯವೇ ಇಲ್ಲ. ಆದರೆ ಗಾಡಿಯ ಉದ್ಘಾಟನೆಗೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನಾದರೂ ಪ್ರತಿ ವರ್ಷ ಹುಡುಗರ ತರಬೇತಿಗೆ ಇಡುವ ಕಮಿಟಿಗಳು ಎಷ್ಟು?

ರಾಷ್ಟ್ರೀಯ ಆ್ಯಂಬುಲೆನ್ಸ್ ಮಾನದಂಡದ ಪ್ರಕಾರ ಗಾಡಿಗಳು ಎ, ಬಿ, ಸಿ, ಡಿ ಎಂದು ನಾಲ್ಕು ತರ. ಬಿ ಎಂದರೆ ರೋಗಿಯನ್ನು ಸಾಗಿಸುವುದಕ್ಕೆ ಮಾತ್ರ, ಸಿ ಬೇಸಿಕ್ ಲೈಫ್ ಸಪೋರ್ಟ್, ಡಿ ಅಡ್ವಾನ್ಸ್ಡ್. ಕೇರಳ ಸರ್ಕಾರ 2024ರಲ್ಲಿ ಬಾಡಿಗೆ ನಿಗದಿ ಮಾಡಿದ್ದೂ ಹೀಗೆ ವಿಂಗಡಿಸಿ: ಡಿ ವರ್ಗದ ಐಸಿಯು ಗಾಡಿಗೆ ಮೊದಲ 20 ಕಿ.ಮೀ.ಗೆ 2,500 ರೂಪಾಯಿ. ಚಾಲಕರಿಗೆ ತರಬೇತಿ, ಗುರುತಿನ ಚೀಟಿ, ಸಮವಸ್ತ್ರ ಎಂಬ ಮಾತೂ ಆಗಲೇ ಬಂತು. ಗಾಡಿಯೊಳಗೆ ಡಿಫಿಬ್ರಿಲೇಟರ್ ಇದ್ದು ಅದನ್ನು ಬಳಸಲು ಬರುವವನು ಇಲ್ಲದಿದ್ದರೆ ಅದು ಹೆಸರಿಗೆ ಡಿ, ಕೆಲಸಕ್ಕೆ ಬಿ.

ಮೋಟಾರು ವಾಹನ ಕಾನೂನಿನಲ್ಲಿ ಒಂದು ವಿಚಿತ್ರ ಉಂಟು. ಮಂಗಳೂರಿನಿಂದ ನಮ್ಮ ಹೆದ್ದಾರಿಯಲ್ಲೇ ಗ್ಯಾಸ್ ಟ್ಯಾಂಕರ್ ಓಡಿಸುವ ಚಾಲಕನ ಅಪಾಯಕಾರಿ ಸರಕಿನ ಲೈಸೆನ್ಸಿಗೆ ಮೂರು ವರ್ಷ ಮಾತ್ರ ವಾಯಿದೆ, ನವೀಕರಿಸಬೇಕಾದರೆ ಒಂದು ದಿನದ ರಿಫ್ರೆಶರ್ ಕೋರ್ಸಿಗೆ ಕೂರಲೇಬೇಕು. ಉಸಿರು ಸಿಕ್ಕಿಕೊಂಡ ಮನುಷ್ಯನನ್ನು ಹೊತ್ತು ಅದೇ ಟ್ಯಾಂಕರನ್ನು ಓವರ್‌ಟೇಕ್ ಮಾಡುವ ಆ್ಯಂಬುಲೆನ್ಸ್ ಚಾಲಕನಿಗೆ ಆ ಕಾಯ್ದೆಯಲ್ಲಿ ಅಂಥ ಷರತ್ತು ಇಲ್ಲ.

2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆ್ಯಂಬುಲೆನ್ಸ್‌ಗಳು ವಾಪಸ್ ತಿರುಗಿದ್ದು ಎಲ್ಲರಿಗೂ ನೆನಪಿದೆ. ಮಂಗಳೂರಿಗೆ ತಲುಪಲಾಗದೆ ಹಲವರು ತೀರಿಕೊಂಡರು. ಕೇರಳ ಹೈಕೋರ್ಟ್ ಎಪ್ರಿಲ್ 1ರಂದು ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಎಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಒಪ್ಪಂದ ಆಯಿತು. ರಾಜಕೀಯ ಏನೇ ಇರಲಿ, ಅಂಥ ದಿನಗಳಲ್ಲಿ ದಾರಿ ಉದ್ದವಾದಷ್ಟೂ ಹಿಂಬದಿಯಲ್ಲಿ ಕೂತವರ ಕೈಗಳ ಮೇಲೆ ಭಾರ ಹೆಚ್ಚು. ಕೊರೊನಾ ಹೋಯಿತು. ಹೆದ್ದಾರಿ ಕೆಲಸ, ತೊಕ್ಕೊಟ್ಟಿನ ಟ್ರಾಫಿಕ್, ಮಳೆಗಾಲದ ನೀರು ಹೋಗಿಲ್ಲ.

ಕಮಿಟಿಯವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆರು ತಿಂಗಳಿಗೊಮ್ಮೆ ಒಂದು ಆದಿತ್ಯವಾರ ಬೆಳಗ್ಗೆ ಗೊಂಬೆ ತರಿಸಿ ಚಾಲಕರು, ಸ್ವಯಂಸೇವಕರು ಎಲ್ಲರ ಕೈಯಲ್ಲೂ ಎರಡೆರಡು ನಿಮಿಷ ಎದೆ ಒತ್ತಿಸಿ ನೋಡುವುದು. ಕಲಿಸಲು ಬರುವವರ ಕಾರ್ಡಿನ ವಾಯಿದೆಯನ್ನು ಮೊದಲು ನೋಡುವುದು. ನಾಚಿಕೆ ಬೇಡ, ಅವರು ತಪ್ಪು ತಿಳಿಯುವುದಿಲ್ಲ. ಆಕ್ಸಿಜನ್ ಸಿಲಿಂಡರಿನ ಒತ್ತಡ, ಸಕ್ಷನ್ ಯಂತ್ರ, ಅಂಬುಬ್ಯಾಗಿನ ರಬ್ಬರನ್ನು ಅದೇ ದಿನ ಪರೀಕ್ಷಿಸುವುದು. ಸಹಾಯಕ್ಕೆ ಓಡಿಬರುವವರಿಗೆ ಕೇಸಿನ ಭಯ ಬೇಡ ಎಂದೂ ಅಲ್ಲಿ ಹೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅಪಘಾತದ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರನ್ನು ರಕ್ಷಿಸುತ್ತದೆ.

ಕಡತ ಇಡುವ ಬಗ್ಗೆ

ಈ ಕೆಲಸದಲ್ಲಿರುವವರು, ಕಲಿಯುತ್ತಿರುವವರು ಒಂದು ಫೈಲ್ ಮಾಡಿಕೊಳ್ಳಿ, ಅದರ ಸ್ಕ್ಯಾನ್ ಇಮೇಲಿನಲ್ಲೂ ಇರಲಿ. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ರಿಜಿಸ್ಟ್ರೇಷನ್, ನವೀಕರಣದ ರಶೀದಿ, ಬಿಎಲ್‌ಎಸ್ ಕಾರ್ಡ್, ಪ್ರತಿ ತರಗತಿಯ ಕ್ರೆಡಿಟ್ ಪತ್ರ, ಪ್ರತಿ ಕೆಲಸದ ನೇಮಕಾತಿ ಮತ್ತು ಬಿಡುಗಡೆ ಪತ್ರ. ಆಸ್ಪತ್ರೆ ಬಿಡುವ ದಿನವೇ ಎಕ್ಸ್‌ಪೀರಿಯನ್ಸ್ ಲೆಟರ್ ಕೈಗೆ ತೆಗೆದುಕೊಳ್ಳಿ. ಐದು ವರ್ಷ ಕಳೆದು ಹೋದರೆ ಮ್ಯಾನೇಜರ್ ಬದಲಾಗಿರುತ್ತಾರೆ, ಕೆಲವು ಸಲ ಆಸ್ಪತ್ರೆಯೇ ಇರುವುದಿಲ್ಲ. ಕೌನ್ಸಿಲಿಗೆ ಕೊಟ್ಟ ಮೊಬೈಲ್ ನಂಬರ್ ಬದಲಾದರೆ ಅಲ್ಲಿಯೂ ಬದಲಿಸಿ. ಒಟಿಪಿ ಹಳೆಯ ಸಿಮ್ಮಿಗೆ ಹೋಗಿ ನವೀಕರಣ ತಿಂಗಳುಗಟ್ಟಲೆ ನಿಲ್ಲುವುದು ಮಾಮೂಲಿ.

ವಾಯಿದೆ ಮುಗಿಯುವ ದಿನವನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕುವಾಗ ಎರಡು ಅಲಾರಂ ಇಡಿ: ರಿಜಿಸ್ಟ್ರೇಷನ್‌ಗೆ ಆರು ತಿಂಗಳು ಮೊದಲು, ಬಿಎಲ್‌ಎಸ್‌ಗೆ ಎರಡು ತಿಂಗಳು ಮೊದಲು. ತರಬೇತಿ ಕೇಂದ್ರಗಳಲ್ಲಿ ಬ್ಯಾಚ್ ತುಂಬಿದ್ದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ರಮಳಾನ್ ಆ ಅವಧಿಯಲ್ಲಿ ಬರುತ್ತದಾ ಎಂದೂ ನೋಡಿಕೊಳ್ಳಿ. ಉಪವಾಸ ಹಿಡಿದು ಗೊಂಬೆಯ ಎದೆ ಒತ್ತುವುದು ಅಷ್ಟು ಸುಲಭ ಅಲ್ಲ.